ಎರಡನೇ ಅರ್ಜಿ

ಪ್ರೇಮಕುಮಾರ ತೀರಿಕೊಂಡ ಇಪ್ಪತ್ತಾರನೆಯ ದಿನ, ಮುಂಜಾನೆ ಹನ್ನೊಂದರ ಸುಮಾರಿಗೆ, ಚೀಫ್ ಕೆಮಿಸ್ಟ್ ಸಂಕರ್ಷಣ ಟೈಂ ಆಫೀಸಿನ ಕಿಟಕಿಯ ಮುಂದೆ ಬಂದು ನಿಂತ. ಒಳಗೆ ಹಾಜರಿ ಪುಸ್ತಕ ಬರೆಯುತ್ತಿದ್ದ ಪ್ರಜ್ಞಾ ತಲೆ ಎತ್ತಲಿಲ್ಲ. ಆ ಇಪ್ಪತ್ತಾರು ದಿನಗಳಲ್ಲಿ ಕಾರ್ಖಾನೆಯ ಯಾರೊಬ್ಬರೂ ಅವನ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಅವನು ಕ್ಯಾಂಟೀನಿಗೆ ಬಂದು ಕೂತರೆ ಆ ಮೇಜಿನವರು ತಟ್ಟೆ ಹಿಡಿದುಕೊಂಡು ಎದ್ದು ಹೋಗುತ್ತಿದ್ದರು. ಲ್ಯಾಬಿನ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಿಂದ ‘ಕೊಲೆಗಾರ’ ಎಂದು ಬರೆದಿದ್ದರು. ಅಳಿಸಿದಂತೆಲ್ಲ ಮತ್ತೆ ಬರೆಯುತ್ತಿದ್ದರು. ಬರೆಯುವವರು ಯಾರೆಂದು ಪ್ರಜ್ಞಾಗೆ ಗೊತ್ತಿತ್ತು. ಬೇಡ ಎಂದು ಅವಳು ಹೇಳಿರಲಿಲ್ಲ.

ಕಾರ್ಖಾನೆ ಇದ್ದದ್ದು ಝಳಕಿಯ ಹೆದ್ದಾರಿ ಬಿಟ್ಟು ಇಂಡಿಯ ಕಡೆ ಹೊರಳಿದ ಮೇಲೆ ಸಿಗುವ ಕರಿನೆಲದ ಬಯಲಿನಲ್ಲಿ. ದೀಪಾವಳಿ ಮುಗಿದು ಕಬ್ಬು ನುರಿಸಲು ಶುರು ಮಾಡಿದರೆ ಯುಗಾದಿಯ ಹೊತ್ತಿನವರೆಗೆ ಗಾಣ ನಿಲ್ಲುವುದಿಲ್ಲ. ಆ ನಾಲ್ಕೂವರೆ ತಿಂಗಳು ರಜೆ ಎಂಬ ಶಬ್ದ ಅಲ್ಲಿ ಬೈಗುಳಕ್ಕೆ ಸಮ. ಪ್ರಜ್ಞಾ ಇಂಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಹಾಜರಿ, ಪಾಳಿ, ರಜೆ ಇವನ್ನು ಬರೆಯುವ ಕೆಲಸದಲ್ಲಿ ಅವಳಿಗೆ ಏಳು ವರ್ಷ ಸಂದಿತ್ತು. ಪ್ರೇಮಕುಮಾರ ಸಿಂದಗಿಯ ಹುಡುಗ. ಇಪ್ಪತ್ತೇಳು ವರ್ಷ, ಲ್ಯಾಬಿನಲ್ಲಿ ಶಿಫ್ಟ್ ಕೆಮಿಸ್ಟ್. ಅವರ ಓಣಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲಿಗ. ಇಬ್ಬರ ಮನೆಯ ಗೋಡೆಯ ಮೇಲೂ ಬುದ್ಧನ ಫೋಟೊ, ಪಕ್ಕದಲ್ಲಿ ಬಾಬಾಸಾಹೇಬರದು. ಕೆಲಸಕ್ಕೆ ಸೇರಿದ ದಿನವೇ ಕಿಟಕಿಯೊಳಗೆ ತಲೆ ಹಾಕಿ, “ಜೈಭೀಮ್ ಅಕ್ಕಾ, ನನ್ನ ಹೆಸರ ಎಲ್ಲಿ ಬರೀತೀರಿ, ತೋರಸ್ರಿ” ಎಂದು ನಕ್ಕಿದ್ದ. ಅವತ್ತಿನಿಂದ ಅವಳಿಗೆ ತಮ್ಮನೇ ಆದ.

ಡಿಸೆಂಬರಿನಲ್ಲಿ ಇನ್ನೊಬ್ಬ ಕೆಮಿಸ್ಟ್ ಕೆಲಸ ಬಿಟ್ಟು ಸೋಲಾಪುರದ ಕಡೆ ಹೋದ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಪ್ರೇಮಕುಮಾರ ಒಂದು ಪಾಳಿ ಮುಗಿಸಿ ಮುಖಕ್ಕೆ ನೀರು ಹಾಕಿಕೊಂಡು ಎರಡನೆಯ ಪಾಳಿಗೆ ನಿಲ್ಲತೊಡಗಿದ. ಜನವರಿಯ ಮೊದಲ ವಾರ ನಾಲ್ಕು ದಿನದ ರಜೆ ಕೇಳಿ ಅರ್ಜಿ ಕೊಟ್ಟ. ಸಂಕರ್ಷಣ ಅದರ ಮೇಲೆ ಕೆಂಪು ಶಾಯಿಯಲ್ಲಿ ‘ಸೀಜನ್ ನಂತರ’ ಎಂದು ಬರೆದು ತಿರುಗಿಸಿ ಕಳಿಸಿದ.

ಸಂಕ್ರಾಂತಿಯ ಮರುದಿನ ಅವನು ಎರಡನೇ ಅರ್ಜಿ ಹಿಡಿದು ಬಂದ. ಕಣ್ಣು ಕೆಂಡದಂತಿದ್ದವು, ಗಡ್ಡ ಬೆಳೆದಿತ್ತು.

“ನಿದ್ದಿನ ಬರವಲ್ದಕ್ಕಾ. ಮಲಕೊಂಡ್ರ ತಲಿಯೊಳಗ ಗಾಣ ತಿರಗತೈತಿ. ಎರಡ ದಿನರ ಅವ್ವನ ಕಡೆ ಹೋಗಿ ಬರ್ತೇನಿ.”

ಆ ಹೊತ್ತಿಗೆ ಪ್ರಜ್ಞಾಳ ಮೇಜಿನ ಮೇಲೆ ಮೂವತ್ತು ಮಂದಿಯ ಪಾಳಿಯ ಗೊಂದಲವಿತ್ತು. “ಹೋದ ಸಲ ಏನಂದ್ರು ನೆನಪೈತಿಲ್ಲೊ? ಮತ್ತ ಕಳಿಸಿದ್ರ ನಿನಗೂ ಬೈತಾರ, ನನಗೂ ಬೈತಾರ. ಸೀಜನ್ ಮುಗೀಲಿ ತಮ್ಮಾ, ಆಮ್ಯಾಲ ತಿಂಗಳಗಟ್ಲೆ ಮಲಕೊಳ್ಳವಂತಿ” ಎಂದಳು.

ಅವನು ಅರ್ಜಿಯನ್ನು ಕಿಟಕಿಯೊಳಗೆ ಸರಿಸಿದ. “ಹೂಂ. ನಾ ಇಲ್ಲಂದ್ರೂ ಕಾರಖಾನಿ ನಡೀತೈತಿ ಬಿಡಕ್ಕಾ” ಎಂದು ಹೋದ. ಅದನ್ನು ಅವಳು ಸಿಟ್ಟಿನ ಮಾತೆಂದುಕೊಂಡಳು. ಅರ್ಜಿಯನ್ನು ಮೇಲಕ್ಕೆ ಕಳಿಸದೆ ಡ್ರಾಯರಿಗೆ ಹಾಕಿದಳು.

ಅದಾಗಿ ಐದನೆಯ ದಿನ ಅವನು ಆ ವಾರದ ಮೂರನೆಯ ಜೋಡಿ ಪಾಳಿಯಲ್ಲಿದ್ದ. ಪಾಕದ ಪರೀಕ್ಷೆಯ ಅಂಕಿ ತಪ್ಪಾಗಿ ಬರೆದ. ಒಂದು ಪ್ಯಾನಿನಷ್ಟು, ಒಂದು ದೊಡ್ಡ ಕೊಪ್ಪರಿಗೆಯಷ್ಟು, ಪಾಕ ಹರಳುಗಟ್ಟಲಿಲ್ಲ. ಕರಗಿಸಿ ಮತ್ತೆ ಕಾಯಿಸಬೇಕಾಯಿತು. ಸಕ್ಕರೆ ಕಾರ್ಖಾನೆಯಲ್ಲಿ ಇದು ಆಗದ ಮಾತೇನಲ್ಲ. ಆದರೆ ಸಂಕರ್ಷಣನಿಗೆ ಅವತ್ತು ಮೇಲಿನವರಿಂದ ಎರಡು ಸಲ ಫೋನ್ ಬಂದಿತ್ತು. ಅವನು ಪ್ಯಾನಿನ ಅಟ್ಟದ ಮೇಲೆ, ಇಪ್ಪತ್ತು ಮೂವತ್ತು ಕಾರ್ಮಿಕರ ಎದುರಿಗೆ, ಉಗಿಯ ಸದ್ದಿಗೂ ಮಿಗಿಲಾಗಿ ಕಿರಚಿದ: “ನಿನಗ ಡಿಗ್ರಿ ಯಾರ ಕೊಟ್ರೋ? ಓದಿ ತಗೊಂಡಿದ್ಯೋ, ಹಂಚುವಾಗ ಕೈ ಒಡ್ಡಿ ತಗೊಂಡಿದ್ಯೋ?”

ಆ ಮಾತಿನ ಒಳಗೆ ಏನಿತ್ತೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಪ್ರೇಮಕುಮಾರನಿಗಂತೂ ತಿಳಿಯಿತು. ಅವನು ತಿರುಗಿ ಮಾತಾಡಲಿಲ್ಲ. ಪಾಳಿ ಮುಗಿಸಿ, ಕೋಟು ಗೂಟಕ್ಕೆ ಹಾಕಿ, ಸಿಂದಗಿಗೆ ಹೋದ. ಮರುದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಪ್ರಜ್ಞಾ ಗೈರು ಎಂದು ಬರೆದಳು. ಬರೆದು ಅರ್ಧ ತಾಸಿಗೆ ಫೋನ್ ಬಂತು: ರಾತ್ರಿ ಅವನು ತನ್ನ ಜೀವ ತಾನೇ ಕಳೆದುಕೊಂಡಿದ್ದ.

ಅವನು ಹೇಗೆ ಹೋದ ಎಂಬುದನ್ನು ಮಂದಿ ವಾರವೆಲ್ಲ ಬಾಯಿ ಚಪ್ಪರಿಸಿಕೊಂಡು ಮಾತಾಡಿದರು. ಪ್ರಜ್ಞಾ ಕೇಳಿಸಿಕೊಳ್ಳಲಿಲ್ಲ. ಮಣ್ಣಿನ ದಿನ ಅವನ ತಾಯಿ ಸಾವಂತ್ರವ್ವ ಎದೆ ಬಡಿದುಕೊಳ್ಳಲಿಲ್ಲ, ಅಳಲಿಲ್ಲ. ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ದಿಟ್ಟಿಸುತ್ತ ಗೋಡೆಗೆ ಒರಗಿ ಕೂತಿದ್ದಳು. ಆ ನೋಟಕ್ಕೆ ಸಿಕ್ಕದ ಹಾಗೆ ಪ್ರಜ್ಞಾ ಹೆಂಗಸರ ಹಿಂದೆ ಮರೆಯಾಗಿ ನಿಂತು, ಸಿಕ್ಕ ಮೊದಲ ಬಸ್ಸಿಗೆ ಹತ್ತಿ ಬಂದುಬಿಟ್ಟಳು. ಡ್ರಾಯರಿನಲ್ಲಿ ಆ ಕಾಗದ ಇನ್ನೂ ಇತ್ತು. ಅವಳು ಆ ಡ್ರಾಯರನ್ನು ತೆರೆಯುವುದನ್ನೇ ಬಿಟ್ಟಳು. ಸಂಕರ್ಷಣನನ್ನು ದ್ವೇಷಿಸುವುದು ಅದಕ್ಕಿಂತ ಸುಲಭವಿತ್ತು.

ಹತ್ತು ದಿನದ ಕೆಳಗೆ ಕಾರ್ಖಾನೆಯವರು ಒಂದು ಜಾಗೃತಿ ಕಾರ್ಯಕ್ರಮ ಮಾಡಿಸಿದರು. ಬ್ಯಾನರ್ ಬರೆಸಿದ್ದು, ಚಹಾ ತರಿಸಿದ್ದು ಪ್ರಜ್ಞಾಳೇ. ವಿಜಯಪುರದ ಜಿಲ್ಲಾ ಆಸ್ಪತ್ರೆಯಿಂದ ಶಮ್ಶುನ್ನೀಸಾ ಎಂಬ ಆಪ್ತ ಸಮಾಲೋಚಕಿ ಬಂದಿದ್ದಳು. ಐವತ್ತರ ಹತ್ತಿರದ, ದಪ್ಪ ಕನ್ನಡಕದ ಹೆಂಗಸು. ಹಿಂದಿನ ಸಾಲಿನವರು ತೂಕಡಿಸಿದರು, ಮುಂದಿನವರು ಫೋಟೊಕ್ಕೆ ಕೂತಿದ್ದರು. ಅವಳು ಅದ್ಯಾವುದನ್ನೂ ಲೆಕ್ಕಕ್ಕೆ ತಗೊಳ್ಳದೆ ಹೇಳಬೇಕಾದ್ದನ್ನು ಹೇಳಿದಳು.

“ಅನುಮಾನ ಬಂತಂದ್ರ ಸುತ್ತಿ ಬಳಸಿ ಮಾತಾಡಬ್ಯಾಡ್ರಿ. ಸಾಯೂ ವಿಚಾರ ಬರಾಕತ್ತೈತೇನು ಅಂತ ನೇರ ಕೇಳ್ರಿ. ಕೇಳಿದ್ರ ಇಲ್ಲದ್ದು ತಲಿಯೊಳಗ ತುಂಬಿದಂಗ ಆಗೂದಿಲ್ಲ. ಎಷ್ಟೋ ಮಂದಿಗೆ ಯಾರರ ಕೇಳಿದ್ರಲ್ಲಾ ಅಂತ ಉಸರ ಬಂದಂಗ ಆಗತೈತಿ. ಹೌದು ಅಂದ್ರ ಒಬ್ಬರನ್ನs ಬಿಡಬ್ಯಾಡ್ರಿ. ಬುದ್ಧಿ ಹೇಳಬ್ಯಾಡ್ರಿ, ಕುಂದರ್ರಿ. ಇನ್ನೊಂದು. ಭಾಳ ದಿನ ಕುದ್ದವರು ಒಮ್ಮಿಗೇ ತಣ್ಣಗಾದ್ರ, ತಮ್ಮ ಸಾಮಾನ ಕೀಲಿ ಎಲ್ಲಾ ಅವರಿವರಿಗೆ ಒಪ್ಪಸಾಕತ್ತಿದ್ರ, ಆರಾಮಾದ್ರು ಅಂತ ತಿಳೀಬ್ಯಾಡ್ರಿ. ಅವಾಗ ಹೆಚ್ಚು ಹೆದರ್ರಿ.”

ಅವಳು 14416 ಎಂಬ ಸರ್ಕಾರಿ ಸಹಾಯವಾಣಿಯ ನಂಬರನ್ನೂ ತನ್ನ ನಂಬರನ್ನೂ ಹಲಗೆಯ ಮೇಲೆ ಬರೆದು ಹೋದಳು. ಪ್ರಜ್ಞಾ ಅವನ್ನು ಬರೆದುಕೊಂಡಳು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

ಈಗ ಕಿಟಕಿಯ ಮುಂದೆ ಸಂಕರ್ಷಣ ಕೆಮ್ಮಿದ. ಪ್ರಜ್ಞಾ ತಲೆ ಎತ್ತಿದಳು. ವಾರಗಟ್ಟಲೆ ಮಾಸಿದ ಅಂಗಿಯಲ್ಲಿ, ಮುಳ್ಳುಮುಳ್ಳು ಗಡ್ಡದಲ್ಲಿ ಅಲೆದ ಮನುಷ್ಯ ಇವತ್ತು ಗಡ್ಡ ಕೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ಅಂಗಾರ ಅಕ್ಷತೆ ಇಟ್ಟು ನಿಂತಿದ್ದ. ಮುಖ ತಿಳಿಯಾಗಿತ್ತು.

“ಪಿಎಫ್ ನಾಮಿನಿ ಫಾರ್ಮ್ ಅದ. ನಮ್ಮ ಮನಿಯಾಕಿ ಹೆಸರಿನ್ಯಾಗ ಒಂದಕ್ಷರ ತಪ್ಪಿತ್ತು, ತಿದ್ದೇನಿ. ಇವತ್ತs ದಾಖಲ ಮಾಡ್ರಿ” ಎಂದ. ಆಮೇಲೆ ಒಂದು ದಪ್ಪ ಲಕೋಟೆ ಒಳಗೆ ಸರಿಸಿದ. “ಲ್ಯಾಬಿನ ಕಪಾಟಿನ ಕೀಲಿ ಅವ. ಯಾರಿಗರ ಬೇಕಾಗ್ತಾವ.”

“ರಜಾ ಹೊಂಟೀರೇನ್ರಿ?”

“ಇಲ್ಲ.” ಮತ್ತೊಂದು ಮಡಿಚಿದ ಕಾಗದ. “ಇದು ಪ್ರೇಮಕುಮಾರನ ಫೈಲಿನ್ಯಾಗ ಇರ್ಲಿ. ಆದದ್ದೆಲ್ಲಾ ನನ್ನ ತಪ್ಪು ಅಂತ ಬರದೇನಿ. ಇನ್ನ ಯಾರನ್ನೂ ಕೇಳೂ ಕಾರಣ ಇಲ್ಲ.”

ಅವನು ಕೈ ಮುಗಿದ. ಏಳು ವರ್ಷದಲ್ಲಿ ಅವನು ಅವಳಿಗೆ ಕೈ ಮುಗಿದದ್ದು ಅದೇ ಮೊದಲು. ತಿರುಗಿ, ಕ್ವಾರ್ಟರ್ಸಿನ ಕಡೆ ನಡೆದ.

ಪ್ರಜ್ಞಾಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಅವಳು ಮುಂದೆ ಎಂದೂ ಹೇಳಿಕೊಳ್ಳಲಿಲ್ಲ. ಕೀಲಿ, ಫಾರ್ಮು, ತಣ್ಣಗಾದ ಮುಖ, ಎಲ್ಲವೂ ಒಂದಕ್ಕೊಂದು ಕೂಡಿ ಶಮ್ಶುನ್ನೀಸಾ ಹೇಳಿದ ಮಾತೇ ಆಗಿತ್ತು. ಗೊತ್ತಾಗಿಯೂ ಅವಳು ಪೆನ್ನು ಹಿಡಿದು ಹಾಜರಿ ಬರೆಯತೊಡಗಿದಳು. ಒಂದು ಸಾಲು. ಇನ್ನೊಂದು ಸಾಲು. ಎದೆಯೊಳಗೆ ಒಂದು ದನಿ, ಹೋಗಲಿ, ಎಂದಿತು. ಅವನೂ ಹೋಗಲಿ. ಪ್ರೇಮಕುಮಾರ ಹೋದಾಗ ಯಾರು ಓಡಿ ಹೋದರು? ಮಾಡಿದ್ದು ಉಣ್ಣಲಿ. ಇನ್ನೊಂದು ದನಿ ಅದಕ್ಕಿಂತ ಸಣ್ಣದು, ಅದಕ್ಕಿಂತ ಹೇಸಿಗೆಯದು: ಅವನೇ ಎಲ್ಲ ಬರೆದುಕೊಟ್ಟಿದ್ದಾನೆ, ಇನ್ನು ಆ ಡ್ರಾಯರನ್ನು ಯಾರೂ ತೆರೆಸುವುದಿಲ್ಲ.

ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆದವು. ಹಾಳೆಯನ್ನು ನೋಡಿದರೆ ಅವಳು ಒಬ್ಬನ ಹೆಸರಿನ ಮುಂದೆಯೇ ನಾಲ್ಕು ಸಲ ಗೈರು, ಗೈರು ಎಂದು ಬರೆದಿದ್ದಳು. ಪೆನ್ನು ಕೈಯಿಂದ ಜಾರಿತು. ಅವಳು ಎದ್ದವಳೇ ಚಪ್ಪಲಿ ಮೆಟ್ಟದೆ ಗೇಟಿನ ಕಡೆ ಓಡಿದಳು.

ಗೇಟಿನಲ್ಲಿ ಭದ್ರತಾ ಜಮಾದಾರ ಖಾಜಾಸಾಬ ಕಬ್ಬಿನ ಲಾರಿಯೊಂದರ ಚೀಟಿ ನೋಡುತ್ತಿದ್ದ. ಸೈನ್ಯದಲ್ಲಿ ಇದ್ದು ಬಂದವನು, ಮಾತು ಕಮ್ಮಿ.

“ಖಾಜಾಸಾಬಣ್ಣಾ, ನನ್ನ ಜೋಡಿ ಬಾ. ಸಂಕರ್ಷಣ ಸರ್‌ದು ಚೊಲೊ ಅನಸವಲ್ದು.”

ಅವನು ಅವಳ ಬರಿಗಾಲು ನೋಡಿದ. ಚೀಟಿಯನ್ನು ಪಕ್ಕದವನ ಕೈಗೆ ಕೊಟ್ಟು ಹೊರಟ.

ಕ್ವಾರ್ಟರ್ಸಿನ ಬಾಗಿಲಿಗೆ ಅಗಳಿ ಹಾಕಿರಲಿಲ್ಲ. ಸಂಕರ್ಷಣ ಮಂಚದ ಅಂಚಿಗೆ ಕೂತಿದ್ದ. ಹಾಸಿಗೆ ಮಡಿಸಿಟ್ಟಿತ್ತು, ಪಾತ್ರೆ ತೊಳೆದು ಬೋರಲು ಹಾಕಿತ್ತು. ಹೆಂಡತಿ ಬಸವನ ಬಾಗೇವಾಡಿಯಲ್ಲಿ ಸಾಲಿಯ ಮಾಸ್ತರಿಣಿ, ಮಗಳೂ ಅಲ್ಲಿಯೇ. ಸೀಜನ್ ಮುಗಿಯುವವರೆಗೆ ಅವನು ಇಲ್ಲಿ ಒಬ್ಬನೇ.

“ಯಾಕ ಬಂದ್ರಿ?” ಎಂದ.

ಪ್ರಜ್ಞಾ ಅವನ ಎದುರು ಕುರ್ಚಿ ಎಳೆದು ಕೂತಳು. ನೇರ ಕೇಳಬೇಕೆಂಬ ಮಾತು ಹೇಳುವಷ್ಟು ಸಲೀಸಲ್ಲವೆಂದು ಆಗ ತಿಳಿಯಿತು.

“ಸರ, ಸಾಯೂ ವಿಚಾರ ಮಾಡೀರೇನು?”

ಅವನು ಕಿಟಕಿಯ ಕಡೆ ನೋಡಿದ. ಹೊರಗೆ ಲಾರಿಗಳು ಒಂದರ ಹಿಂದೊಂದು ಹಾರ್ನ್ ಹಾಕುತ್ತಿದ್ದವು. “ಹೌದು” ಎಂದ.

“ಇವತ್ತೇನ್ರಿ?”

ಹೌದೆಂದು ತಲೆಯಾಡಿಸಿದ. ಖಾಜಾಸಾಬ ಮೆಲ್ಲಗೆ, “ಮನಿಯೊಳಗ ಏನರ ತಂದ ಇಟ್ಟೀರೇನ್ರಿ ಸರ?” ಎಂದು ಕೇಳಿದ. ಸಂಕರ್ಷಣ ಕಣ್ಣಿನಿಂದ ತೋರಿಸಿದ. ಖಾಜಾಸಾಬ ಅದನ್ನು ತನ್ನ ಟವೆಲ್ಲಿನಲ್ಲಿ ಸುತ್ತಿ ಹೊರಗೆ ಒಯ್ದು, ಯಾರ ಕೈಗೂ ಸಿಗದ ಹಾಗೆ ಮಾಡಿ ಬಂದು ಬಾಗಿಲಲ್ಲಿ ಕೂತ.

ಆಮೇಲೆ ಸಂಕರ್ಷಣ ಮಾತಾಡಿದ. ಕಟ್ಟೆ ಒಡೆದ ನೀರಿನಂತೆ ಅಲ್ಲ. ಒಂದೊಂದು ಮಾತಿಗೂ ನಿಂತು, ಕಲ್ಲು ಹೊತ್ತವನಂತೆ.

“ಕಣ್ಣು ಮುಚ್ಚಿದ್ರ ಅಟ್ಟದ ಮ್ಯಾಲ ನಿಂತಿರ್ತಾನ. ಸುಮ್ಮನ. ತಿರುಗಿ ಬೈದಿದ್ರ ಪಾಡಿತ್ತು. ನಾ ಅಂದದ್ದು ಅವನ ಜಾತಿಗಲ್ಲ, ಕೆಲಸಕ್ಕ ಅಂತ ನನಗ ನಾನೇ ನೂರು ಸಲ ಹೇಳಿಕೊಂಡೆ. ಹೇಳಿಕೊಳ್ಳೂದು ಸುಳ್ಳು ಅಂತ ಒಳಗ ಗೊತ್ತಿತ್ತು. ಮಗಳು ಫೋನಿನ್ಯಾಗ ಕೇಳಿದ್ಲು, ಅಪ್ಪಾ, ಸಾಲಿಯೊಳಗ ಹುಡುಗ್ರು ಹಿಂಗಂತಾರಲ್ಲ, ಖರೇ ಏನು ಅಂತ. ಏನ್ ಹೇಳ್ಲಿ?”

ಪ್ರಜ್ಞಾ ಬೋರಲು ಹಾಕಿದ್ದ ಲೋಟವೊಂದಕ್ಕೆ ನೀರು ತುಂಬಿ ಅವನ ಕೈಗೆ ಕೊಟ್ಟಳು. ಸಮಾಧಾನದ ಮಾತು ಸುಳ್ಳಾಗುತ್ತಿತ್ತು.

“ನೀವು ನನ್ನ ಮೋತಿ ಸೈತ ನೋಡ್ತಿದ್ದಿಲ್ಲ. ನಿಮಗ ಏನ್ ಬಿದ್ದದ? ಯಾಕ ಬಂದ್ರಿ?”

“ಗೊತ್ತಿಲ್ರಿ” ಎಂದಳು. ಆಮೇಲೆ ಹೇಳಿದಳು. “ಕ್ಷಮಾ ಮಾಡಾಕ ಬಂದಿಲ್ಲ. ನನಗ ನಿಮ್ಮ ಮ್ಯಾಲ ಸಿಟ್ಟೈತಿ, ಇನ್ನೂ ಇರತೈತಿ. ಆದ್ರ ಎಲ್ಲಾ ನನ್ನ ತಪ್ಪು ಅಂತ ಬರದು ಕೊಟ್ಟೀರಲ್ಲ, ಅದು ಖರೇ ಅಲ್ರಿ. ಅಂವಾ ಎರಡನೇ ಸಲ ಅರ್ಜಿ ಕೊಟ್ಟಿದ್ದ. ನಿದ್ದಿ ಬರವಲ್ದು ಅಂತ ಬಾಯಿ ಬಿಟ್ಟು ಹೇಳಿದ್ದ. ಆ ಅರ್ಜಿ ನಿಮ್ಮ ತನಕಾ ಬರಲೇ ಇಲ್ಲ. ನನ್ನ ಡ್ರಾಯರಿನ್ಯಾಗ ಐತಿ.”

ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ಮನೆಯಲ್ಲಿ ಗಂಡನಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಅವಳಿಗೆ ಅಳು ಬಂತು. ಆ ಇಪ್ಪತ್ತಾರು ದಿನದಲ್ಲಿ ಮೊದಲ ಸಲ ಅತ್ತಳು, ಅದೂ ಅವನ ಮುಂದೆ.

“ನೀವೂ ಮಲಗಿಲ್ಲ ಹಂಗಾದ್ರ” ಎಂದ ಸಂಕರ್ಷಣ.

“ಇಲ್ರಿ.”

ಅಳುತ್ತಲೇ ಅವಳು ಶಮ್ಶುನ್ನೀಸಾಗೆ ಫೋನ್ ಹಚ್ಚಿದಳು. ಆ ಕಡೆಯ ದನಿ ಗಡಿಬಿಡಿ ಮಾಡಲಿಲ್ಲ. “ಬಿಟ್ಟು ಕದಲಬ್ಯಾಡ್ರಿ. ಮನಿಯವರಿಗೆ ತಿಳಸ್ರಿ. ನಾ ಡಾಕ್ಟರಿಗೆ ಹೇಳಿ ಇಡ್ತೇನಿ, ಸೀದಾ ನಮ್ಮ ಕಡೆ ಕರಕೊಂಡು ಬರ್ರಿ” ಎಂದಳು. ಫೋನನ್ನು ಸಂಕರ್ಷಣನ ಕೈಗೆ ಕೊಡಿಸಿ ಅವನ ಜೊತೆಯೂ ಐದು ನಿಮಿಷ ಮಾತಾಡಿದಳು. ಅವನು ಹೂಂ, ಹೂಂ ಎನ್ನುತ್ತ ಕೇಳಿದ. ಹೆಂಡತಿ ಶ್ರೀವಾಣಿಗೆ ಅವನೇ ಫೋನ್ ಮಾಡಿ, “ಆಸ್ಪತ್ರಿಗೆ ಬಾ, ನನಗ ಆಗವಲ್ದು” ಎಂದಷ್ಟೇ ಹೇಳಿದ.

ಕಾರ್ಖಾನೆಯ ಜೀಪು ಕೇಳಲು ಖಾಜಾಸಾಬ ಹೋದರೆ ಜನರಲ್ ಮ್ಯಾನೇಜರರೇ ಕ್ವಾರ್ಟರ್ಸಿಗೆ ಬಂದರು. ಅವರ ಮುಖದಲ್ಲಿ ಹೆದರಿಕೆ ಇತ್ತು, ಆದರೆ ಅದು ಸಂಕರ್ಷಣನಿಗಾಗಿ ಅಲ್ಲ.

“ಈಗ ಹಾಡಾಹಗಲೆ ಜೀಪಿನೊಳಗ ಒಯ್ದ್ರ ಇಡೀ ಯಾರ್ಡ್ ನೋಡ್ತದ. ಒಂದು ತಿಂಗಳದಾಗ ಎರಡನೇದು. ಪೇಪರಿನವರು ಬಿಡ್ತಾರೇನು? ಮೂರಕ್ಕ ಪಾಳಿ ಬದಲಾದ ಮ್ಯಾಲ ಹೋಗ್ರಿ. ಎದಿ ನೋವು ಅಂತ ಬರೀರಿ.”

“ಮೂರರ ತನಕಾ ಕಾಯಾಕ ಆಗೂದಿಲ್ರಿ” ಎಂದಳು ಪ್ರಜ್ಞಾ. ಮೇಲಿನವರ ಎದುರು ಅವಳ ದನಿ ಯಾವತ್ತೂ ಇಷ್ಟು ಏರಿರಲಿಲ್ಲ. “ಪ್ರೇಮಕುಮಾರಗೂ ಹಿಂಗs ಅಂದ್ವಿ. ಸೀಜನ್ ಮುಗೀಲಿ ಅಂದ್ವಿ.”

“ಗೇಟ್ ಪಾಸ್ ಇಲ್ಲದ ಜೀಪ್ ಹೊರಗ ಹೋಗಂಗಿಲ್ಲ.”

ಖಾಜಾಸಾಬ ಜೀಪು ತಂದು ಬಾಗಿಲಿಗೆ ನಿಲ್ಲಿಸಿದ. ಗೇಟಿನಲ್ಲಿ ಇಳಿದು, ಪುಸ್ತಕದಲ್ಲಿ ತನ್ನ ಹೆಸರು, ವೇಳೆ ಬರೆದು, ‘ರೋಗಿ ಆಸ್ಪತ್ರೆಗೆ, ನನ್ನ ಜವಾಬ್ದಾರಿ’ ಎಂದು ಸಹಿ ಮಾಡಿ, ತಾನೇ ಅಡ್ಡಗೋಲು ಎತ್ತಿ ಜೀಪು ಹೊಡೆದುಕೊಂಡು ಹೊರಟ. ಕಬ್ಬಿನ ಲಾರಿ ನಿಲ್ಲುವ ಯಾರ್ಡಿನ ಮಂದಿ ನೋಡುತ್ತ ನಿಂತರು. ಯಾರೋ ಸಿಳ್ಳೆ ಹಾಕಿದರು.

ಹೆದ್ದಾರಿಯಲ್ಲಿ ಒಂದು ತಾಸಿನ ದಾರಿ. ಸಂಕರ್ಷಣ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಎರಡು ಸಲ, “ಹೊಳ್ಳಿ ಹೋಗೂಣು, ಈಗ ಆರಾಮಾಗೇನಿ” ಎಂದ. ಎರಡು ಸಲವೂ ಪ್ರಜ್ಞಾ, “ಆಗ್ಲಿ, ತೋರಿಸಿ ಹೋಗೂಣ್ರಿ” ಎಂದಳು. ಅವಳ ಬರಿಗಾಲಿಗೆ ಜೀಪಿನ ತಗಡು ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ಶಮ್ಶುನ್ನೀಸಾ ಮೆಟ್ಟಿಲ ಮೇಲೆಯೇ ಕಾದಿದ್ದಳು. ಅವನನ್ನು ಒಳಗೆ ಕರೆದೊಯ್ದು ಡಾಕ್ಟರು ಬಾಗಿಲು ಹಾಕಿಕೊಂಡರು. ಖಾಜಾಸಾಬ ಜೀಪಿನ ಹತ್ತಿರ ಉಳಿದ, ಪ್ರಜ್ಞಾ ಬೆಂಚಿನ ಮೇಲೆ ಕೂತಳು. ನಾಲ್ಕರ ಹೊತ್ತಿಗೆ ಶ್ರೀವಾಣಿ ಬಂದಳು. ಬಾಗೇವಾಡಿಯಿಂದ ಸಾಲಿ ಬಿಟ್ಟು ಹಾಗೇ ಬಂದಿದ್ದಳು, ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು.

“ನೀವು ಯಾರು?”

“ಟೈಂ ಆಫೀಸಿನಾಕಿರಿ. ಪ್ರಜ್ಞಾ.”

ಶ್ರೀವಾಣಿಗೆ ಹೆಸರು ಗೊತ್ತಿತ್ತೆಂದು ಕಾಣುತ್ತದೆ. “ಅಲ್ಲಿ ಎಲ್ಲಾರೂ ನಮ್ಮವರಿಗೆ ಕೊಲೆಗಾರ ಅಂತಾರಂತ. ನೀವೂ ಅಂದೀರೇನು?”

ಪ್ರಜ್ಞಾ ತಲೆ ತಗ್ಗಿಸಲಿಲ್ಲ. “ಮನಸಿನ್ಯಾಗ ಅಂದೇನ್ರಿ.”

ಶ್ರೀವಾಣಿ ಬೆಂಚಿನ ಇನ್ನೊಂದು ತುದಿಗೆ ಕೂತಳು. ನಡುವೆ ಇಬ್ಬರು ಕೂರುವಷ್ಟು ಜಾಗ ಉಳಿಯಿತು. ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ, “ಹೋದ ಐತವಾರ ಬಂದಾಗ ನನ್ನ ಕೈ ಹಿಡದು ಕೂತಿದ್ರು. ಇಪ್ಪತ್ತು ವರ್ಷದಾಗ ಹಂಗ ಕೂತವರಲ್ಲ. ನನಗ ಚೊಲೊ ಅನಿಸಿತ್ತು” ಎಂದಳು.

ಸಂಕರ್ಷಣನನ್ನು ಹದಿನಾರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಔಷಧ ಹತ್ತಲು ತಿಂಗಳು ಹಿಡಿಯಿತು. ಅವನು ಬದುಕಿದ. ಕಾರ್ಖಾನೆಗೆ ತಿರುಗಿ ಬರಲಿಲ್ಲ.

ಪ್ರಜ್ಞಾ ಮಾತ್ರ ಮರುದಿನವೇ ಕೆಲಸಕ್ಕೆ ಹೋದಳು. ಮೇಜಿನ ಮೇಲೆ ಎರಡು ಮೆಮೊ ಇದ್ದವು, ಒಂದು ಅವಳಿಗೆ, ಒಂದು ಖಾಜಾಸಾಬನಿಗೆ. ಮೆಮೊಗಿಂತ ಮಂದಿ ಹೆಚ್ಚು ಸುಟ್ಟರು. ಬಾಗಿಲ ಮೇಲೆ ಬರೆಯುತ್ತಿದ್ದ ಹುಡುಗರು, ಅವಳ ಓಣಿಯವರೇ, ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಬಿಟ್ಟು ನಿಂತರು. “ನಮ್ಮ ಹುಡುಗ ಮಣ್ಣಾಗ್ಯಾನ, ಈಕಿ ಅಂವನ್ನ ಹೊತಗೊಂಡು ತಿರಗತಾಳ” ಎಂದು ಒಬ್ಬ ಅವಳಿಗೆ ಕೇಳಲೆಂದೇ ಅಂದ. ಕಣ್ಣೆದುರಿನ ಮನುಷ್ಯ ಸಾಯಲು ಹೊರಟಾಗ ಹತ್ತು ನಿಮಿಷ ಸುಮ್ಮನಿದ್ದವಳು ತಾನು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ಬಂದರು. ಸಂಕರ್ಷಣ ತನ್ನ ಮೊದಲಿನ ಕಾಗದ ಹಿಂದಕ್ಕೆ ತಗೊಂಡು, ಅಟ್ಟದ ಮೇಲೆ ತಾನು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದು ಕಳಿಸಿದ್ದ. ಆ ಮಾತಿಗೆ ಅವನ ಮೇಲೆ ಪೊಲೀಸ್ ಕೇಸು ಆಯಿತು. ಅವನು ಜಾಮೀನು ಪಡೆದು ತಾರೀಖಿನಂದು ತಪ್ಪದೆ ಹಾಜರಾಗುತ್ತಾನೆಂದು ಕಾರ್ಖಾನೆಗೆ ಸುದ್ದಿ ಬಂತು. ಪ್ರಜ್ಞಾ ಡ್ರಾಯರು ತೆರೆದು ಎರಡನೇ ಅರ್ಜಿಯನ್ನು ಅಧಿಕಾರಿಯ ಮುಂದಿಟ್ಟಳು. “ಇದನ್ನ ಯಾರು ತಡದ್ರು?” ಎಂದು ಅವರು ಕೇಳಿದಾಗ, “ನಾನs ರಿ” ಎಂದಳು. ಅವಳಿಗೆ ಒಂದು ತಿಂಗಳ ಅಮಾನತು ಆಯಿತು. ಕೆಮಿಸ್ಟ್ ಬಿಟ್ಟು ಹೋದ ಜಾಗವನ್ನು ಏಳು ವಾರ ಖಾಲಿ ಇಟ್ಟದ್ದು ಯಾರು ಎಂಬ ಪ್ರಶ್ನೆಗೆ ಮೇಲಿನವರು ಕೊಟ್ಟ ಉತ್ತರ ಹನ್ನೆರಡು ಪುಟವಿತ್ತು, ಅದರಲ್ಲಿ ಒಬ್ಬರ ಹೆಸರೂ ಇರಲಿಲ್ಲ.

ಆದರೂ ಮುಂದಿನ ಹಂಗಾಮಿಗೆ ಇಬ್ಬರು ಹೆಚ್ಚಿನ ಕೆಮಿಸ್ಟರು ಬಂದರು. ಸತತ ಎರಡು ಪಾಳಿ ಯಾರಿಗೂ ಹಾಕಬಾರದೆಂದು ಆದೇಶವಾಯಿತು. ಶಮ್ಶುನ್ನೀಸಾ ತಿಂಗಳಿಗೊಮ್ಮೆ ಬಂದು ಕಬ್ಬು ತೂಗುವ ಕಾಟಾದ ಹಿಂದಿನ ಕೋಣೆಯಲ್ಲಿ ಕೂರತೊಡಗಿದಳು. ಮೊದಲ ಮೂರು ಸಲ ಒಬ್ಬರೂ ಆ ಕಡೆ ಹಾಯಲಿಲ್ಲ. ನಾಲ್ಕನೆಯ ಸಲ ಬಾಯ್ಲರಿನ ಯುನೂಸ, ಯಾರೂ ನೋಡುತ್ತಿಲ್ಲವೆಂದು ಎರಡೆರಡು ಸಲ ತಿರುಗಿ ನೋಡಿ, ಒಳಗೆ ಹೋದ. ಮುಕ್ಕಾಲು ತಾಸು ಹೊರಗೆ ಬರಲಿಲ್ಲ.

ಅದಕ್ಕೂ ಮುಂಚೆ, ಅಮಾನತಿನ ದಿನಗಳಲ್ಲಿ, ಏಪ್ರಿಲ್‌ನ ಒಂದು ಮಧ್ಯಾಹ್ನ, ಪ್ರಜ್ಞಾ ಸಿಂದಗಿಗೆ ಹೋದಳು. ಬಸ್ ಸ್ಟ್ಯಾಂಡಿನಿಂದ ಓಣಿಯವರೆಗೆ ನಡೆದೇ ಹೋದಳು. ಬಿಸಿಲಿಗೆ ಓಣಿ ಖಾಲಿಯಿತ್ತು. ಸಾವಂತ್ರವ್ವ ಪಡಸಾಲೆಯಲ್ಲಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂತುಕೋ ಎನ್ನಲಿಲ್ಲ. ಪ್ರಜ್ಞಾ ನೆಲಕ್ಕೆ ಕೂತಳು, ಎರಡನೇ ಅರ್ಜಿಯ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಸಂಕರ್ಷಣನನ್ನು ಆಸ್ಪತ್ರೆಗೆ ಒಯ್ದದ್ದನ್ನೂ ಹೇಳಿದಳು.

ಸಾವಂತ್ರವ್ವ ಕೈ ನಿಲ್ಲಿಸಲಿಲ್ಲ. ಹರಳು ಹೆಕ್ಕಿ ಹೊರಗೆ ಎಸೆಯುತ್ತಲೇ ಕೇಳಿದಳು. ಆಮೇಲೆ ಅಂದಳು:

“ಅಂವನ್ನ ಉಳಿಸಿದಿ.”

“ಹೌದವ್ವಾ.”

“ನನ್ನ ಮಗಾ ನಿನ್ನ ಮುಂದ ನಿಂತು ಕೇಳಿದಾಗ ಸೀಜನ್ ಮುಗೀಲಿ ಅಂದಿ.”

“ಹೌದವ್ವಾ.”

ಮೊರ ನೆಲಕ್ಕೆ ಇಟ್ಟಳು. ಬಿಸಿಲಿಗೆ ಬೆನ್ನು ಮಾಡಿ ಕೂತಿದ್ದ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. “ಎದ್ದು ಹೋಗ ಅನಬೇಕಂತ ಬಾಯಿತನಕಾ ಬಂದೈತಿ” ಎಂದಳು. ಅನ್ನಲಿಲ್ಲ. ಬೇರೆಯದೇ ಕೇಳಿದಳು. “ಕಡೀ ದಿನ ಅಲ್ಲಿ ಅಂವಾ ಏನರ ಉಂಡಿದ್ನಾ? ಇಲ್ಲಿಗೆ ಬಂದಾಗ ಹಸವಿಲ್ಲ ಅಂದಾ.”

ಪ್ರಜ್ಞಾ ನೆನಪು ಮಾಡಿಕೊಳ್ಳಲು ನೋಡಿದಳು. ಆ ದಿನ ಅವನು ಎಷ್ಟು ಗಂಟೆಗೆ ಒಳಗೆ ಬಂದ, ಎಷ್ಟಕ್ಕೆ ಹೊರಗೆ ಹೋದ ಎಂಬುದು ನಿಮಿಷದ ಸಮೇತ ಅವಳಿಗೆ ಗೊತ್ತಿತ್ತು. ಉಂಡನೋ ಇಲ್ಲವೋ ಗೊತ್ತಿರಲಿಲ್ಲ.

“ಗೊತ್ತಿಲ್ಲವ್ವಾ.”

“ಕಾರಖಾನಿಯಿಂದ ಬಂದವರಿಗೆಲ್ಲಾ ಕೇಳೇನಿ” ಎಂದಳು ಸಾವಂತ್ರವ್ವ. “ಉಂಡಿದ್ದ, ನಕ್ಕೋತ ಹೋದಾ ಅಂತ ಎಲ್ಲಾರೂ ಹೇಳ್ಯಾರ. ಗೊತ್ತಿಲ್ಲ ಅಂದಾಕಿ ನೀ ಒಬ್ಬಾಕಿನ.”

ಓಣಿಯ ತುದಿಯಲ್ಲಿ ಯಾರೋ ಎಮ್ಮೆಗೆ ನೀರು ಕುಡಿಸುತ್ತಿದ್ದರು. ಪ್ರಜ್ಞಾ ಏಳಲು ಹೊರಟಾಗ ಸಾವಂತ್ರವ್ವ ಮೊರವನ್ನು ಅವಳ ಕಡೆಗೆ ಅರ್ಧ ಸರಿಸಿದಳು.

“ನನ್ನ ಕಣ್ಣು ಮೊದಲಿನಂಗ ಕಾಣವಲ್ಲವು. ಈ ಹರಳು ಆರಿಸಿ ಹೋಗು.”

ಪ್ರಜ್ಞಾ ಮತ್ತೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಗರಿ ಆರಿಸತೊಡಗಿದಳು. ಐದು ಗಂಟೆಯ ಇಂಡಿ ಬಸ್ಸು ಹೋಗಿಬಿಟ್ಟಿತು. ಅವಳು ಅದರ ಮುಂದಿನದಕ್ಕೆ ಹೋದಳು.